ಮೊದಲು ಬೆಲೆ, ಆಮೇಲೆ ಭೂಮಿ



2024ರ ಅಕ್ಟೋಬರ್ ತಿಂಗಳಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡದ ಹೆಸರು ಒಮ್ಮೆಲೇ ರಾಜ್ಯದ ಪತ್ರಿಕೆಗಳಲ್ಲಿ, ನಂತರ ದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಊರಿನ ಸುಮಾರು 1,200 ಎಕರೆ ಭೂಮಿ ವಿಜಯಪುರದ ಶಾಹ ಅಮೀನುದ್ದೀನ್ ದರ್ಗಾಕ್ಕೆ ಸೇರಿದ ವಕ್ಫ್ ಆಸ್ತಿ ಎಂದು ಸರ್ಕಾರಿ ಕಾಗದದಲ್ಲಿದೆ, ತಾವು ತಲೆಮಾರುಗಳಿಂದ ಉಳುತ್ತ ಬಂದ ಹೊಲ ಕೈತಪ್ಪುತ್ತದೆ ಎಂದು ರೈತರು ಆತಂಕದಿಂದ ಹೇಳಿದರು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಚಹಾದಂಗಡಿಯಲ್ಲಿ ಒಂದೇ ಪ್ರಶ್ನೆ: ಹೀಗೆ ಯಾರದೋ ಹೊಲವನ್ನು ಯಾರೋ ತಮ್ಮದೆಂದು ಬರೆದುಕೊಳ್ಳುವುದಕ್ಕೆ ಇಸ್ಲಾಮಿನ ಕಾನೂನಿನಲ್ಲಿ ಅವಕಾಶ ಉಂಟೇ?

ಈ ಪ್ರಶ್ನೆಯನ್ನು ಕೆಲವರು ಸಿಟ್ಟಿನಿಂದ ಕೇಳಿದರು, ಕೆಲವರು ಭಯದಿಂದ ಕೇಳಿದರು. ತಿಳಿಯಬೇಕೆಂಬ ಆಸೆಯಿಂದ ಕೇಳಿದವರು ಕಡಿಮೆ. ಆದರೆ ಪ್ರಶ್ನೆ ಒಳ್ಳೆಯದು. ಅದಕ್ಕೆ ಸಾವಿರದ ನಾನೂರು ವರ್ಷಗಳ ಹಿಂದಿನಿಂದಲೂ ಉತ್ತರವಿದೆ. ಆ ಉತ್ತರ ಹೊನವಾಡದ ರೈತನಿಗೆ ವಿರುದ್ಧವಾಗಿಲ್ಲ ಎಂಬುದು ಈ ಮಾತಿನ ಸಾರ.

ಮೊದಲು ಎರಡು ಸಂಗತಿಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ವಕ್ಫ್ ಒಂದು, ಭೂಸ್ವಾಧೀನ ಇನ್ನೊಂದು. ವಕ್ಫ್ ಎಂದರೆ ಕೊಡುವುದು. ಭೂಸ್ವಾಧೀನ ಎಂದರೆ ತೆಗೆದುಕೊಳ್ಳುವುದು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಆಗಿನ ಚರ್ಚೆ ಅಷ್ಟು ಗೋಜಲಾಯಿತು.

ವಕ್ಫ್‌ನ ಮೂಲವನ್ನು ಹೇಳುವಾಗ ಮುಸ್ಲಿಂ ಶಾಸ್ತ್ರಜ್ಞರು ಉಮರ್ ಅವರ ಪ್ರಸಂಗವನ್ನು ನೆನೆಯುತ್ತಾರೆ. ಮುಂದೆ ಖಲೀಫರಾದ ಇದೇ ಉಮರ್ ಅವರಿಗೆ ಖೈಬರ್‌ನಲ್ಲಿ ಫಲವತ್ತಾದ ಜಮೀನು ಸಿಕ್ಕಿತ್ತು. ಇದನ್ನು ಏನು ಮಾಡಲಿ ಎಂದು ಅವರು ಪ್ರವಾದಿಯವರನ್ನು ಕೇಳಿದರು. ಭೂಮಿಯನ್ನು ಹಾಗೆಯೇ ಇಟ್ಟು ಅದರ ಫಲವನ್ನು ದಾನ ಮಾಡು ಎಂಬ ಸಲಹೆ ಬಂತು. ಆ ಜಮೀನನ್ನು ಮಾರುವಂತಿಲ್ಲ, ಯಾರಿಗೂ ಬಳುವಳಿ ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಬೆಳೆ ಮಾತ್ರ ಬಡವರಿಗೆ, ಬಂಧುಗಳಿಗೆ, ದಾರಿಹೋಕರಿಗೆ. ಇಲ್ಲಿ ಗಮನಿಸಬೇಕಾದ ಅಂಶ ಚಿಕ್ಕದು, ಆದರೆ ಅದೇ ಮುಖ್ಯ: ಉಮರ್ ಕೊಟ್ಟದ್ದು ತಮ್ಮ ಸ್ವಂತ ಜಮೀನನ್ನು. ಯಾವ ಆಸ್ತಿಯನ್ನು ವಕ್ಫ್ ಮಾಡಬೇಕೋ ಆ ಆಸ್ತಿಗೆ ಕೊಡುವವನೇ ಒಡೆಯನಾಗಿರಬೇಕು ಎಂಬುದು ಶಾಸ್ತ್ರದ ಮೊದಲ ಷರತ್ತು. ನೆರೆಯವನ ಹೊಲವನ್ನು ದೇವರ ಹೆಸರಿಗೆ ಬರೆದುಕೊಟ್ಟರೆ ಅದು ವಕ್ಫ್ ಆಗುವುದಿಲ್ಲ. ಅನ್ಯಾಯವಾಗಿ ಇನ್ನೊಬ್ಬರ ಗೇಣು ನೆಲವನ್ನು ಕಬಳಿಸಿದವನಿಗೆ ಪರಲೋಕದಲ್ಲಿ ಕಠಿಣ ಶಿಕ್ಷೆ ಕಾದಿದೆ ಎಂದು ಪ್ರವಾದಿಯವರ ವಚನಗಳು ಎಚ್ಚರಿಸುತ್ತವೆ.

ಇನ್ನು ತೆಗೆದುಕೊಳ್ಳುವ ವಿಚಾರ. ರಸ್ತೆ ಬೇಕು, ಕೆರೆ ಬೇಕು, ಮಸೀದಿ ದೊಡ್ಡದಾಗಬೇಕು. ನಡುವೆ ಒಬ್ಬನ ಮನೆ ಇದೆ. ದೊರೆ ಏನು ಮಾಡಬೇಕು?

ಮದೀನಾಕ್ಕೆ ಬಂದ ಪ್ರವಾದಿಯವರು ಮಸೀದಿ ಕಟ್ಟಲು ಆರಿಸಿಕೊಂಡ ಜಾಗ ಇಬ್ಬರು ಅನಾಥ ಬಾಲಕರದ್ದಾಗಿತ್ತು, ಸಹ್ಲ್ ಮತ್ತು ಸುಹೈಲ್ ಎಂದು ಅವರ ಹೆಸರು. ಹುಡುಗರು ಜಾಗವನ್ನು ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿಯವರು ಒಪ್ಪದೆ ಬೆಲೆ ಕೊಟ್ಟೇ ಪಡೆದರು ಎಂದು ಪರಂಪರೆ ಹೇಳುತ್ತದೆ. ಅಲ್ಲಿಗೆ ಒಂದು ಮೇಲ್ಪಂಕ್ತಿ ಬಿದ್ದಿತು.

ಅದಕ್ಕಿಂತ ಸ್ವಾರಸ್ಯಕರವಾದದ್ದು ಉಮರ್ ಮತ್ತು ಅಬ್ಬಾಸ್ ಅವರ ಜಗಳ. ಉಮರ್ ಖಲೀಫರಾದ ಕಾಲಕ್ಕೆ ಮದೀನಾದ ಮಸೀದಿ ಜನರಿಗೆ ಸಾಲದಾಯಿತು. ಪಕ್ಕದಲ್ಲಿದ್ದದ್ದು ಪ್ರವಾದಿಯವರ ಚಿಕ್ಕಪ್ಪ ಅಬ್ಬಾಸ್ ಅವರ ಮನೆ. ಉಮರ್ ಮೂರು ದಾರಿ ಮುಂದಿಟ್ಟರು: ಮನೆಯನ್ನು ಮಾರಿ, ಇಲ್ಲವೇ ಬೇರೆ ಕಡೆ ಮನೆ ಕಟ್ಟಿಸಿಕೊಡುತ್ತೇವೆ, ಅದನ್ನು ತೆಗೆದುಕೊಳ್ಳಿ, ಅದೂ ಬೇಡವೆಂದರೆ ದಾನವಾಗಿ ಕೊಡಿ. ಅಬ್ಬಾಸ್ ಮೂರಕ್ಕೂ ಒಲ್ಲೆ ಎಂದರು. ಆಗಿನ ಕಾಲದ ಅತಿದೊಡ್ಡ ಅಧಿಕಾರ ಉಮರ್ ಕೈಯಲ್ಲಿತ್ತು. ಪರ್ಷಿಯಾ, ಸಿರಿಯಾ ಅವರ ಸೇನೆಗೆ ಮಣಿದಿದ್ದವು. ಆದರೂ ಒಂದು ಮನೆಯ ಗೋಡೆ ಕೆಡವಲು ಅವರು ಪಂಚಾಯಿತಿಗೆ ಕೂಡಬೇಕಾಯಿತು. ಇಬ್ಬರೂ ಒಪ್ಪಿ ಉಬಯ್ ಬಿನ್ ಕಅಬ್ ಎಂಬುವರ ಮುಂದೆ ಹೋದರು. ಉಬಯ್ ಅವರು ಪ್ರವಾದಿ ದಾವೂದರ ಕಥೆಯನ್ನು ನೆನಪಿಸಿದರು: ಜೆರುಸಲೇಮಿನಲ್ಲಿ ದೇವಾಲಯ ಕಟ್ಟಲು ಹೊರಟ ದಾವೂದರಿಗೂ ಒಬ್ಬನ ಜಾಗ ಅಡ್ಡ ಬಂದಿತ್ತು, ಒಡೆಯನ ಮನಸ್ಸಿಗೆ ವಿರುದ್ಧವಾಗಿ ಅದನ್ನು ಪಡೆಯುವುದು ಅವರಿಗೂ ಸಲ್ಲಲಿಲ್ಲ ಎಂದು. ತೀರ್ಪು ಖಲೀಫರ ವಿರುದ್ಧ ಹೋಯಿತು. ಗೆದ್ದ ಮೇಲೆ ಅಬ್ಬಾಸ್ ಮನೆಯನ್ನು ತಾವಾಗಿಯೇ ದಾನ ಕೊಟ್ಟರು. ಮುದುಕರ ಹಟ ಎಂದು ನಕ್ಕು ಬಿಡಬಹುದು. ಆದರೆ ಅವರು ಹಟ ಹಿಡಿದದ್ದು ಹಣಕ್ಕಲ್ಲ, ಹಕ್ಕಿಗೆ.

ಹಾಗಾದರೆ ಒಡೆಯ ಒಲ್ಲೆ ಎಂದರೆ ಸಾರ್ವಜನಿಕ ಕೆಲಸ ನಿಂತೇ ಹೋಗಬೇಕೇ? ಇಲ್ಲ. ಇದೇ ಉಮರ್ ಮೆಕ್ಕಾದಲ್ಲಿ ಬೇರೆ ರೀತಿ ನಡೆದುಕೊಂಡರು. ಹಿಜರಿ 17ರಲ್ಲಿ, ಎಂದರೆ ಕ್ರಿಸ್ತಶಕ 638ರಲ್ಲಿ, ಕಾಬಾದ ಸುತ್ತ ಮನೆಗಳು ಒತ್ತಾಗಿ ಯಾತ್ರಿಕರಿಗೆ ಕಾಲಿಡಲು ಜಾಗವಿಲ್ಲದಾಗ ಅವರು ಆ ಮನೆಗಳನ್ನು ಕೊಂಡು ಕೆಡವಿಸಿದರು. ಮಾರಲು ಒಪ್ಪದವರ ಮನೆಗಳನ್ನೂ ಕೆಡವಿಸಿದರು. ಆದರೆ ಅವುಗಳ ಬೆಲೆಯನ್ನು ಕಾಬಾದ ಖಜಾನೆಯಲ್ಲಿ ಅವರ ಹೆಸರಿಗೆ ಇಟ್ಟರು. ಕೊನೆಗೆ ಅವರು ಬಂದು ತೆಗೆದುಕೊಂಡರು. ಒಂಬತ್ತು ವರ್ಷಗಳ ನಂತರ ಖಲೀಫ ಉಸ್ಮಾನ್ ಇದನ್ನೇ ಮಾಡಿದಾಗ ಜನ ಬೀದಿಯಲ್ಲಿ ಕೂಗಾಡಿದರು. ಉಮರ್ ಮಾಡಿದಾಗ ಸುಮ್ಮನಿದ್ದವರು ತಮ್ಮ ಮೃದುತನ ಕಂಡು ಈಗ ಗದ್ದಲ ಮಾಡುತ್ತಿದ್ದೀರಿ ಎಂದು ಉಸ್ಮಾನ್ ಕೆಲವರನ್ನು ಬಂಧನದಲ್ಲಿಟ್ಟರು ಎಂದು ಇತಿಹಾಸಕಾರ ತಬರಿ ಬರೆದಿದ್ದಾನೆ. ಭೂಸ್ವಾಧೀನದ ವಿರುದ್ಧದ ಧರಣಿ ಇವತ್ತಿನದಲ್ಲ, ನೋಡಿ.

ಶಾಸ್ತ್ರಜ್ಞರು ಈ ಎರಡು ಪ್ರಸಂಗಗಳನ್ನು ಇಟ್ಟುಕೊಂಡೇ ನಿಯಮ ಕಟ್ಟಿದರು. ಹಲವರಿಗೆ ಆಗುವ ಕೇಡನ್ನು ತಪ್ಪಿಸಲು ಒಬ್ಬನ ನಷ್ಟವನ್ನು ಸಹಿಸಬಹುದು. ಆದರೆ ಅವಸರ ಎಷ್ಟೇ ಇದ್ದರೂ ಇನ್ನೊಬ್ಬನ ಹಕ್ಕು ಅಳಿಯುವುದಿಲ್ಲ, ಅದರ ಬೆಲೆ ಸಲ್ಲಲೇಬೇಕು. ದೊರೆಯ ಆಜ್ಞೆಗೆ ಬಲ ಬರುವುದು ಅದರಲ್ಲಿ ಪ್ರಜೆಗಳ ಹಿತವಿದ್ದಾಗ ಮಾತ್ರ. ತುರ್ಕಿಯ ಆಟೊಮನ್ ಸಾಮ್ರಾಜ್ಯ 1869ರಿಂದ 1876ರವರೆಗೆ ಹನಫಿ ಪಂಥದ ವ್ಯವಹಾರ ಕಾನೂನನ್ನು ಕಲಮುಗಳಾಗಿ ವಿಂಗಡಿಸಿ ‘ಮಜಲ್ಲಾ’ ಎಂಬ ಸಂಹಿತೆ ಮಾಡಿತು. ಅದರ 1216ನೇ ಕಲಮು ಇದೇ ವಿಷಯದ್ದು. ಅಗತ್ಯ ಬಿದ್ದಾಗ ಸುಲ್ತಾನನ ಆಜ್ಞೆಯಂತೆ ಒಬ್ಬನ ಆಸ್ತಿಯನ್ನು ಅದರ ಮೌಲ್ಯ ಕೊಟ್ಟು ರಸ್ತೆಗೆ ಸೇರಿಸಬಹುದು. ಆದರೆ ಬೆಲೆ ಪಾವತಿಯಾಗುವವರೆಗೆ ಅದನ್ನು ಒಡೆಯನ ಕೈಯಿಂದ ತೆಗೆಯಕೂಡದು ಎಂಬುದು ಅದರ ತಾತ್ಪರ್ಯ. ಮೊದಲು ಬೆಲೆ, ಆಮೇಲೆ ಭೂಮಿ.

1988ರ ಫೆಬ್ರುವರಿಯಲ್ಲಿ ಜೆಡ್ಡಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿ ಇದನ್ನು ಇಂದಿನ ಸರ್ಕಾರಗಳಿಗೆ ಅನ್ವಯಿಸಿ ನಿರ್ಣಯ ಮಾಡಿತು. ಪರಿಹಾರ ತಕ್ಷಣ ಸಿಗಬೇಕು. ತಜ್ಞರು ನಿಗದಿ ಮಾಡಿದ ಆ ಬೆಲೆ ಮಾರುಕಟ್ಟೆ ದರಕ್ಕಿಂತ ಕಡಿಮೆ ಇರಬಾರದು. ಉದ್ದೇಶ ರಸ್ತೆ, ಸೇತುವೆ, ಮಸೀದಿಯಂಥ ನಿಜವಾದ ಸಾರ್ವಜನಿಕ ಅಗತ್ಯವಾಗಿರಬೇಕು. ತೆಗೆದುಕೊಂಡ ಭೂಮಿಯನ್ನು ಲಾಭದ ಹೂಡಿಕೆಗೆ ಹಚ್ಚಬಾರದು. ಯೋಜನೆ ಕೈಬಿಟ್ಟರೆ ಅದನ್ನು ಮರಳಿ ಪಡೆಯುವ ಮೊದಲ ಹಕ್ಕು ಹಳೆಯ ಒಡೆಯನದು. ಇವುಗಳಲ್ಲಿ ಒಂದು ತಪ್ಪಿದರೂ ಅದು ಭೂಸ್ವಾಧೀನವಲ್ಲ, ಕಬಳಿಕೆ.

ಶಾಸ್ತ್ರದ ಮಾತು ಇಷ್ಟಾಯಿತು. ಆಳಿದವರೆಲ್ಲ ಶಾಸ್ತ್ರದಂತೆಯೇ ಆಳಿದರು ಎಂದು ಯಾರೂ ನಂಬಬೇಕಾಗಿಲ್ಲ. ವಿಜಯಪುರಕ್ಕೆ ಬರೋಣ.

ಆದಿಲಶಾಹಿಗಳು 1490ರಿಂದ 1686ರವರೆಗೆ ಆಳಿದರು. ಗುಮ್ಮಟಗಳನ್ನು ನೋಡಲು ಬರುವವರು ಸಾಮಾನ್ಯವಾಗಿ ಗಮನಿಸದೆ ಹೋಗುವುದು ಅವರ ನೀರಿನ ವ್ಯವಸ್ಥೆಯನ್ನು. ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನಗರಕ್ಕೆ ನೀರು ತಂದರು. 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಾಲಾಬ್ ಆದವು. ಈಗಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆ ಮುಹಮ್ಮದ್ ಆದಿಲಶಾಹನ ಕಾಲದ್ದು. ಊರಿಗೂ ಅವನದೇ ಹೆಸರು. ಮಳೆ ನಂಬಲಾಗದ ಈ ಎರೆ ನಾಡಿನಲ್ಲಿ ಸಾರ್ವಜನಿಕ ಉದ್ದೇಶ ಎಂದರೆ ಮೊದಲಿನಿಂದಲೂ ನೀರೇ.

ಭೂಮಿಯ ಲೆಕ್ಕ ಮಾತ್ರ ಈಗಿನಂತೆ ಇರಲಿಲ್ಲ. ಇಂದಿನ ತೊಡಕಿನ ಬೇರು ಇಲ್ಲಿದೆ. ಸುಲ್ತಾನರು ಮಠ, ದೇವಸ್ಥಾನ, ದರ್ಗಾ, ಖಾಜಿ, ದೇಸಾಯಿ, ದೇಶಪಾಂಡೆ ಮೊದಲಾದವರಿಗೆ ಇನಾಂ ಕೊಡುತ್ತಿದ್ದರು. ಇನಾಂ ಎಂದರೆ ಎಷ್ಟೋ ಸಲ ಭೂಮಿಯಲ್ಲ, ಭೂಮಿಯ ಕಂದಾಯ. ಸರ್ಕಾರಕ್ಕೆ ಬರಬೇಕಾದ ಪಾಲನ್ನು ಇನ್ನು ಮುಂದೆ ಇಂಥ ದರ್ಗಾಕ್ಕೆ, ಇಂಥ ಮಠಕ್ಕೆ ಕೊಡತಕ್ಕದ್ದು ಎಂಬ ಆಜ್ಞೆ. ಹೊಲ ಉಳುವ ಒಕ್ಕಲು ಹಿಂದಿನಂತೆಯೇ ಇರುತ್ತಿದ್ದ. ಅವನ ಮಗನೂ ಮೊಮ್ಮಗನೂ ಅದೇ ಹೊಲ ಉಳುತ್ತಿದ್ದರು. ಬದಲಾಗುತ್ತಿದ್ದದ್ದು ರಾಶಿಯಲ್ಲಿ ಒಂದು ಪಾಲು ಯಾರ ಕಣಜಕ್ಕೆ ಹೋಗಬೇಕು ಎಂಬುದಷ್ಟೇ. ಹನಫಿ ಶಾಸ್ತ್ರಜ್ಞರಿಗೆ ಈ ಭೇದ ಚೆನ್ನಾಗಿ ಗೊತ್ತಿತ್ತು. ಸುಲ್ತಾನ ಖಜಾನೆಯ ಉತ್ಪನ್ನವನ್ನು ಧರ್ಮಕಾರ್ಯಕ್ಕೆ ಗೊತ್ತುಮಾಡಿಕೊಟ್ಟರೆ ಅದನ್ನು ಅವರು ‘ಇರ್ಸಾದ್’ ಎಂದು ಕರೆದು ನಿಜವಾದ ವಕ್ಫ್‌ನಿಂದ ಬೇರೆ ಇಟ್ಟರು. ಕಾರಣ ಅದೇ ಮೊದಲ ಷರತ್ತು: ಆ ಭೂಮಿಗೆ ಸುಲ್ತಾನ ಒಡೆಯನಲ್ಲ, ಮೇಲ್ವಿಚಾರಕ.

ಶಾಹ ಅಮೀನುದ್ದೀನ್ ಆಲಾ 1675ರಲ್ಲಿ ತೀರಿಕೊಂಡ ಚಿಶ್ತಿ ಸೂಫಿ. ಅವರ ತಂದೆ ಬುರ್ಹಾನುದ್ದೀನ್ ಜಾನಂ, ಅಜ್ಜ ಮೀರಾಂಜಿ. ಮೂವರೂ ದಖನಿ ಭಾಷೆಯಲ್ಲಿ ಜನಸಾಮಾನ್ಯರಿಗಾಗಿ ಬರೆದವರು. ನಗರದ ಪಶ್ಚಿಮಕ್ಕೆ ಗುಡ್ಡದ ಮೇಲೆ ಕಾಣುವ ಬಿಳಿ ಗುಮ್ಮಟ ಅಮೀನುದ್ದೀನರದು. ಅಂಥ ದರ್ಗಾಕ್ಕೆ ದತ್ತಿ ಇದ್ದದ್ದು ಸಹಜ. ಅದನ್ನು ಅಲ್ಲಗಳೆದರೆ ಇತಿಹಾಸವನ್ನೇ ಅಲ್ಲಗಳೆದಂತೆ.

ಆದಿಲಶಾಹಿಗಳ ನಂತರ ಮೊಗಲರು, ನಿಜಾಮ, ಮರಾಠರು ಬಂದರು. 1818ರಲ್ಲಿ ಬ್ರಿಟಿಷರು ಈ ಭಾಗವನ್ನು ಸಾತಾರದ ರಾಜನಿಗೆ ಕೊಟ್ಟು 1848ರಲ್ಲಿ ತಾವೇ ವಹಿಸಿಕೊಂಡರು. 1852ರ ಇನಾಂ ಕಾಯ್ದೆಯಂತೆ ಹಳೆಯ ಸನದುಗಳೆಲ್ಲ ತಪಾಸಣೆಗೆ ಒಳಗಾದವು. ಪ್ರತಿ ಸರ್ಕಾರ ತನ್ನ ಲೆಕ್ಕವನ್ನು ತನ್ನ ಭಾಷೆಯಲ್ಲಿ ಬರೆಯಿತು: ಫಾರಸಿ, ಮೋಡಿ, ಇಂಗ್ಲಿಷ್, ಕನ್ನಡ. ಕಂದಾಯದ ಹಕ್ಕು ಎಲ್ಲಿ ಮುಗಿಯಿತು, ನೆಲದ ಹಕ್ಕು ಎಲ್ಲಿ ಶುರುವಾಯಿತು ಎಂಬ ಗೆರೆ ಒಂದೊಂದು ಪುಸ್ತಕ ಬದಲಾದಾಗಲೂ ಮಸುಕಾಗುತ್ತ ಬಂತು.

ನಂತರ ಬಂದದ್ದು 1974.

ಆ ವರ್ಷದ ಮಾರ್ಚ್ 1ರಂದು ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸು ಮುಖ್ಯಮಂತ್ರಿ. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, 7ನೇ ನಮೂನೆಯ ಅರ್ಜಿ ಹಾಕಿದ ಗೇಣಿದಾರನಿಗೆ ಭೂ ನ್ಯಾಯಮಂಡಳಿಯ ಮೂಲಕ ಹಕ್ಕುಪತ್ರ ಸಿಗತೊಡಗಿತು. ದೇವಸ್ಥಾನ, ಮಠ, ದರ್ಗಾಗಳ ಗೇಣಿ ಭೂಮಿಯೂ ಇದರಲ್ಲಿ ಸೇರಿತ್ತು. ಆ ಸಂಸ್ಥೆಗಳಿಗೆ ವರ್ಷಾಶನದ ಏರ್ಪಾಟಾಯಿತು. ಸರ್ಕಾರದ ಒಂದು ಕೈ ಹೀಗೆ ಉಳುವವನ ಹೆಸರನ್ನು ಬರೆಯುತ್ತಿದ್ದಾಗ ಇನ್ನೊಂದು ಕೈ, 1954ರ ವಕ್ಫ್ ಕಾಯ್ದೆಯಂತೆ ಸರ್ವೆ ಮಾಡಿಸಿ, ವಕ್ಫ್ ಆಸ್ತಿಗಳ ಪಟ್ಟಿಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸುತ್ತಿತ್ತು. ವಿಜಯಪುರದ ಪಟ್ಟಿ ಬಂದದ್ದೂ 1974ರಲ್ಲೇ. ಕಂದಾಯ ಇಲಾಖೆಯ ಪುಸ್ತಕ ಒಂದು ಹೇಳಿತು, ವಕ್ಫ್ ಪಟ್ಟಿ ಇನ್ನೊಂದು ಹೇಳಿತು. ಎರಡನ್ನೂ ಎದುರುಬದುರು ಇಟ್ಟು ಓದುವ ಕೆಲಸ ಆಗಲಿಲ್ಲ.

ಹೊನವಾಡದ ಗೊಂದಲವೂ ಆ ಪಟ್ಟಿಯದ್ದೇ. 2024ರಲ್ಲಿ ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ಕೊಟ್ಟ ವಿವರಣೆ ಹೀಗಿತ್ತು: ಆ ಸುಮಾರು 1,200 ಎಕರೆ ವಿಜಯಪುರ ನಗರದ ಮಹಲಬಾಗಾಯತಕ್ಕೆ ಸಂಬಂಧಿಸಿದ್ದು. ರಾಜ್ಯಪತ್ರದಲ್ಲಿ ಮಹಲಬಾಗಾಯತದ ಮುಂದೆ ಕಂಸದೊಳಗೆ ಹೊನವಾಡ ಎಂದು ತಪ್ಪಾಗಿ ಅಚ್ಚಾಯಿತು. 1977ರಲ್ಲಿ ಅದರ ತಿದ್ದುಪಡಿಯೂ ಆಯಿತು. ಹೊನವಾಡದಲ್ಲಿ ವಕ್ಫ್‌ಗೆ ಸೇರಿದ್ದು ಸುಮಾರು 11 ಎಕರೆ ಮಾತ್ರ. ಅದರಲ್ಲಿ ಬಹುಪಾಲು ಕಬ್ರಸ್ತಾನ, ಉಳಿದದ್ದು ಈದ್ಗಾ ಮೊದಲಾದವು. ಎಂದರೆ ಒಂದು ಕಂಸದ ಎರಡು ಗೆರೆಗಳ ನಡುವೆ 1,200 ಎಕರೆ ಸಿಕ್ಕಿಕೊಂಡಿತ್ತು. ತಿದ್ದಿದ ಕಾಗದ ನಲವತ್ತೇಳು ವರ್ಷ ಎಲ್ಲೋ ಕಡತದಲ್ಲಿ ಉಳಿದು, ತಪ್ಪಾದ ಕಾಗದವೇ ಜನರ ಮುಂದೆ ಬಂತು.

ಹಳ್ಳಿಯ ಹೊರಗೆ ಇರುವವರಿಗೆ ಇದು ಅಚ್ಚಿನ ದೋಷದಂತೆ ಕಾಣಬಹುದು. ರೈತನಿಗೆ ಉತಾರವೇ ಜೀವ. ಪಹಣಿ ಎಂದು ಸರ್ಕಾರ ಕರೆಯುವ ಆ ಹಾಳೆಯ 9ನೇ ಕಾಲಂನಲ್ಲಿ ಒಡೆಯನ ಹೆಸರು, 11ನೇ ಕಾಲಂನಲ್ಲಿ ಇತರರ ಹಕ್ಕು ಮತ್ತು ಋಣ. 11ರಲ್ಲಿ ಒಂದು ಸಾಲು ಹೆಚ್ಚಿಗೆ ಬಿದ್ದರೆ ಬ್ಯಾಂಕಿನ ಮ್ಯಾನೇಜರು ಸಾಲದ ಅರ್ಜಿಯನ್ನು ಪಕ್ಕಕ್ಕಿಡುತ್ತಾನೆ. ಮಗಳ ಮದುವೆಗೆ ಎರಡು ಎಕರೆ ಮಾರಲು ಹೊರಟರೆ ಕೊಳ್ಳುವವನು ಹಿಂದೆಗೆಯುತ್ತಾನೆ. ಅಣ್ಣತಮ್ಮಂದಿರ ವಾಟ್ನಿ ನಿಲ್ಲುತ್ತದೆ. ಅದರಲ್ಲೂ ತಿಕೋಟಾ, ಬಬಲೇಶ್ವರದ ಭೂಮಿ ಈಗ ಹಿಂದಿನ ಜೋಳದ ಮಡ್ಡಿಯಾಗಿ ಉಳಿದಿಲ್ಲ. ಕೃಷ್ಣೆಯ ನೀರು ಏತ ನೀರಾವರಿಯಿಂದ ಕೆರೆಗಳಿಗೆ ಬಂದಿದೆ. ದ್ರಾಕ್ಷಿ ಪಡಗಳು ಎದ್ದಿವೆ, ಒಣದ್ರಾಕ್ಷಿಯ ಶೆಡ್ಡುಗಳು ಎದ್ದಿವೆ, ಅವುಗಳ ಮೇಲೆ ಸಾಲವೂ ಇದೆ. ಇಂಡಿ ತಾಲ್ಲೂಕಿನ ಕೆಲವು ಸರ್ವೆ ನಂಬರುಗಳಲ್ಲಿ ರೈತರಿಗೆ ನೋಟಿಸನ್ನೇ ಕೊಡದೆ 11ನೇ ಕಾಲಂನಲ್ಲಿ ವಕ್ಫ್ ಹೆಸರು ಸೇರಿತ್ತು ಎಂಬುದು ಹೊರಬಿದ್ದಾಗ ಭಯ ಇಮ್ಮಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪ್ರತಿಭಟನೆಗಳಾದವು, ವಿಷಯ ಚುನಾವಣೆಯ ಭಾಷಣಕ್ಕೂ ಏರಿತು. ನವೆಂಬರ್ ಮೊದಲ ವಾರದ ಹೊತ್ತಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ರೈತರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯುವಂತೆ, ನೋಟಿಸಿಲ್ಲದೆ ಮಾಡಿದ ಬದಲಾವಣೆಗಳನ್ನು ರದ್ದು ಮಾಡುವಂತೆ ಆದೇಶಿಸಿದರು.

ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದೇ ಸಂದರ್ಭದಲ್ಲಿ ಸರ್ಕಾರ ಇಡೀ ಜಿಲ್ಲೆಯ ವಕ್ಫ್ ಲೆಕ್ಕವನ್ನೂ ಬಹಿರಂಗಪಡಿಸಿತು. ಪಟ್ಟಿಯಲ್ಲಿದ್ದ ವಕ್ಫ್ ಭೂಮಿ ಒಟ್ಟು 14,201 ಎಕರೆ. ಅದರಲ್ಲಿ ಸುಮಾರು 11,800 ಎಕರೆ ಭೂಸುಧಾರಣೆಯಲ್ಲಿ ಉಳುವವರಿಗೆ ಹೋಯಿತು. ಸುಮಾರು 1,450 ಎಕರೆ ಇನಾಂ ರದ್ದತಿಯಲ್ಲಿ ಹೋಯಿತು. ಸುಮಾರು 130 ಎಕರೆಯನ್ನು ಸರ್ಕಾರ ಸಾರ್ವಜನಿಕ ಯೋಜನೆಗಳಿಗೆ ಸ್ವಾಧೀನ ಮಾಡಿಕೊಂಡಿತು. ವಕ್ಫ್ ಕೈಯಲ್ಲಿ ಉಳಿದದ್ದು ಸುಮಾರು 770 ಎಕರೆ. ಈ ಅಂಕಿಗಳನ್ನು ಎರಡು ಸಲ ಓದಬೇಕು. ಜಿಲ್ಲೆಯಲ್ಲಿ ವಕ್ಫ್ ಭೂಮಿ ರೈತರಿಗೆ ಹೋದದ್ದೇ ಹೆಚ್ಚು. ಹಿಂದೂ ಮುಸ್ಲಿಂ ಎನ್ನದೆ ಉಳುವವರಿಗೆ ಹೋಯಿತು, ಕಾನೂನಿನಂತೆ ಹೋಯಿತು. ಪಟ್ಟಿ ಮಾತ್ರ ಹಳೆಯದೇ ಉಳಿಯಿತು. ಒಮ್ಮೆ ವಕ್ಫ್ ಆದದ್ದು ಎಂದೆಂದಿಗೂ ವಕ್ಫ್ ಎಂಬ ತತ್ವವನ್ನು ಸುಪ್ರೀಂ ಕೋರ್ಟು 1998ರಲ್ಲಿ ಆಂಧ್ರದ ಒಂದು ಪ್ರಕರಣದಲ್ಲಿ ಎತ್ತಿಹಿಡಿದದ್ದರಿಂದ, ವಕ್ಫ್ ಮಂಡಳಿಯವರಿಗೆ ಹಳೆಯ ಪಟ್ಟಿಯನ್ನು ಕೈಬಿಡುವುದೂ ಸುಲಭವಾಗಿರಲಿಲ್ಲ.

ಭೂಸುಧಾರಣೆಯೂ ಒಂದು ಬಗೆಯ ತೆಗೆದುಕೊಳ್ಳುವಿಕೆಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆ ಪಾಕಿಸ್ತಾನದಲ್ಲಿ ಎದ್ದಿತ್ತು. ಅಲ್ಲಿ ಕಜಲ್‌ಬಾಶ್ ವಕ್ಫ್ ಎಂಬ ಸಂಸ್ಥೆ ತನ್ನ ಭೂಮಿಯನ್ನು ಸರ್ಕಾರ ಭೂಸುಧಾರಣೆಯಲ್ಲಿ ತೆಗೆದುಕೊಂಡದ್ದನ್ನು ಪ್ರಶ್ನಿಸಿತು. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಶರಿಯತ್ ಪೀಠ ಭೂಮಿತಿಯ ಮುಖ್ಯ ಕಲಮುಗಳೇ ಇಸ್ಲಾಮಿಗೆ ವಿರುದ್ಧ ಎಂದು ಬಹುಮತದಿಂದ ತೀರ್ಪು ಕೊಟ್ಟಿತು. ಒಡೆಯನ ಹಕ್ಕಿನ ಬಗ್ಗೆ ಶಾಸ್ತ್ರ ಇಟ್ಟ ಬಿಗಿ ಕಾವಲು ಅಲ್ಲಿ ದೊಡ್ಡ ಜಮೀನ್ದಾರರ ಕೋಟೆಯಾಯಿತು. ಅಬ್ಬಾಸರ ಒಂದು ಮನೆಗೂ ಸಾವಿರಾರು ಎಕರೆಯ ಜಾಗೀರಿಗೂ ಒಂದೇ ಅಳತೆ ಹಿಡಿಯುವುದು ನ್ಯಾಯವೇ ಎಂಬುದು ಅಲ್ಲಿನ ವಕೀಲರು, ಉಲೇಮಾಗಳು ಇಂದಿಗೂ ವಾದಿಸುವ ವಿಷಯ. ಕರ್ನಾಟಕ ಬೇರೆ ದಾರಿ ಹಿಡಿಯಿತು. ಜಿಲ್ಲೆಯ ಸಾವಿರಾರು ಗೇಣಿ ಒಕ್ಕಲುಗಳ ಮಟ್ಟಿಗೆ ಅದು ಒಳ್ಳೆಯದೇ ಆಯಿತು.

ಇನ್ನು ಸರ್ಕಾರ ತಾನೇ ತೆಗೆದುಕೊಳ್ಳುವ ಭೂಮಿ. ವಿಜಯಪುರ ಜಿಲ್ಲೆಗೆ ಇದರ ಅನುಭವ ವಕ್ಫ್ ನೋಟಿಸುಗಳಿಗಿಂತ ಬಹಳ ಹಳೆಯದು, ಬಹಳ ದೊಡ್ಡದು. 1964ರಲ್ಲಿ ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಬಿತ್ತು. ಆಗ ಬಾಗಲಕೋಟೆಯೂ ಇದೇ ಜಿಲ್ಲೆಯಲ್ಲಿತ್ತು. ಊರುಗಳಿಗೆ ಊರುಗಳೇ, ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಸೇರಿ, ಮುಳುಗಡೆಯಾದವು. ಎಲ್ಲವೂ ನಡೆದದ್ದು ಬ್ರಿಟಿಷರು ಬಿಟ್ಟುಹೋದ 1894ರ ಭೂಸ್ವಾಧೀನ ಕಾಯ್ದೆಯಂತೆ. ಆ ಕಾಯ್ದೆಯ 17ನೇ ಕಲಮಿನಲ್ಲಿ ತುರ್ತು ಎಂಬ ಒಂದು ಮಾತು ಇತ್ತು. ತುರ್ತು ಎಂದು ಬರೆದರೆ ಅಂತಿಮ ಪರಿಹಾರ ಗೊತ್ತಾಗುವ ಮೊದಲೇ ಭೂಮಿಯನ್ನು ವಶಕ್ಕೆ ಪಡೆಯಬಹುದಿತ್ತು. ಮೊದಲು ಭೂಮಿ, ಆಮೇಲೆ ಬೆಲೆ. ಹೆಚ್ಚಿನ ಪರಿಹಾರಕ್ಕಾಗಿ ಕೃಷ್ಣಾ ತೀರದ ಎಷ್ಟೋ ಮನೆಗಳಲ್ಲಿ ತಂದೆ ಹೂಡಿದ ದಾವೆಯನ್ನು ಮಗ ನಡೆಸಿದ್ದಾನೆ.

2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ ಈ ಕ್ರಮವನ್ನು ತಿರುಗಿಸಿತು. ಗ್ರಾಮಾಂತರದಲ್ಲಿ ಮಾರುಕಟ್ಟೆ ಬೆಲೆಯನ್ನು ಎರಡು ಪಟ್ಟಿನವರೆಗೆ ಏರಿಸಿ, ಅದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ ಸೇರಿಸಿ ಕೊಡಬೇಕು. 38ನೇ ಕಲಮಿನಂತೆ, ಪರಿಹಾರ ಪೂರ್ತಿ ಪಾವತಿಯಾದದ್ದನ್ನು ಖಾತರಿ ಮಾಡಿಕೊಂಡ ಮೇಲೆಯೇ ಜಿಲ್ಲಾಧಿಕಾರಿ ಭೂಮಿಯನ್ನು ವಶಕ್ಕೆ ತೆಗೆದುಕೊಳ್ಳಬೇಕು. ಮಜಲ್ಲಾದ 1216ನೇ ಕಲಮು ಹೇಳಿದ್ದೂ ಇದನ್ನೇ. ಯಾರೂ ಯಾರಿಂದಲೂ ನಕಲು ಮಾಡಿಲ್ಲ. ನೆಲ ಕಳೆದುಕೊಳ್ಳುವವನ ಸಂಕಟವನ್ನು ಕಣ್ಣಾರೆ ಕಂಡವರು ಇಸ್ತಾಂಬುಲ್‌ನಲ್ಲಿ ಕೂತರೂ ದೆಹಲಿಯಲ್ಲಿ ಕೂತರೂ ಅದೇ ಸಾಲನ್ನು ಬರೆಯುತ್ತಾರೆ.

ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೇ ಹಂತಕ್ಕೆ 1.33 ಲಕ್ಷ ಎಕರೆಗೂ ಹೆಚ್ಚು ಭೂಮಿ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದಕ್ಕೆ ದರ ಗೊತ್ತು ಮಾಡಿತು: ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ ಭೂಮಿಗೆ 30 ಲಕ್ಷ, ಕಾಲುವೆಗೆ ಹೋಗುವ ಭೂಮಿಗೆ 30 ಮತ್ತು 25 ಲಕ್ಷ. ಹೊಳೆಯ ದಂಡೆಯ ರೈತ ದರವನ್ನು ಕೇಳಿದ್ದಾನೆ. ಅವನು ನೋಡುವುದು ಹಣ ಖಾತೆಗೆ ಬೀಳುವ ದಿನವನ್ನು.

ಮತ್ತೆ ವಕ್ಫ್ ವಿಷಯ. ವಕ್ಫ್ ಭೂಮಿಯನ್ನು ಸರ್ಕಾರ ರಸ್ತೆಗೋ ಕಾಲುವೆಗೋ ತೆಗೆದುಕೊಳ್ಳಬಹುದೇ? ತೆಗೆದುಕೊಳ್ಳಬಹುದು, ಮೇಲೆ ಹೇಳಿದ 130 ಎಕರೆ ಹಾಗೆ ಹೋದದ್ದೇ. ಆದರೆ 1995ರ ವಕ್ಫ್ ಕಾಯ್ದೆಯ 91ನೇ ಕಲಮಿನಂತೆ ಮಂಡಳಿಗೆ ಮೊದಲು ತಿಳಿಸಬೇಕು, ಅಹವಾಲು ಕೇಳಬೇಕು. ಹನಫಿ ಶಾಸ್ತ್ರದಲ್ಲೂ ಒಂದು ವಕ್ಫ್ ಆಸ್ತಿಗೆ ಬದಲು ಇನ್ನೊಂದನ್ನು ಪಡೆಯುವ ‘ಇಸ್ತಿಬ್ದಾಲ್’ ಎಂಬ ದಾರಿ ಇದೆ. ದತ್ತಿಯ ನೆಲ ಬದಲಾಗಬಹುದು, ದತ್ತಿಯ ಉದ್ದೇಶ ಬದಲಾಗಬಾರದು ಎಂಬುದು ಅದರ ತರ್ಕ.

2025ರ ಏಪ್ರಿಲ್ 8ರಂದು ತಿದ್ದುಪಡಿಯಾದ ವಕ್ಫ್ ಕಾಯ್ದೆ ಜಾರಿಗೆ ಬಂತು. ಅದರ ಹಲವು ಕಲಮುಗಳ ಬಗ್ಗೆ ತೀವ್ರ ಭಿನ್ನಾಭಿಪ್ರಾಯವಿದೆ. ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟು ಅವುಗಳಲ್ಲಿ ಕೆಲವಕ್ಕೆ ತಡೆ ಕೊಟ್ಟಿತು. ಆದರೆ ಹೆಚ್ಚು ಸದ್ದಿಲ್ಲದೆ ಸೇರಿದ ಒಂದು ಸಾಲು ಹೊನವಾಡ, ತಿಕೋಟಾದ ರೈತರಿಗೆ ನೇರವಾಗಿ ತಟ್ಟುವಂಥದ್ದು. 37ನೇ ಕಲಮಿನ ಆ ಭಾಗದ ಪ್ರಕಾರ, ಕಂದಾಯ ದಾಖಲೆಯಲ್ಲಿ ವಕ್ಫ್ ಎಂದು ಬದಲಾವಣೆ ಮಾಡುವ ಮೊದಲು ಅಧಿಕಾರಿಗಳು ಎರಡು ದಿನಪತ್ರಿಕೆಗಳಲ್ಲಿ 90 ದಿನಗಳ ಸಾರ್ವಜನಿಕ ಪ್ರಕಟಣೆ ಕೊಡಬೇಕು, ಬಾಧಿತರ ಮಾತು ಕೇಳಬೇಕು. ಆ ಎರಡು ಪತ್ರಿಕೆಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದ್ದಾಗಿರಬೇಕು. ವಿಜಯಪುರದಲ್ಲಿ ಅದು ಕನ್ನಡ.